ಕೆಂಪು ಮಣ್ಣಿನಲ್ಲಿ ಹಳದಿ ಕೇಪಳ

ನಮ್ಮ ಹೂಗಿಡ ಬಳಗದ ದಾಖಲೆ ಪುಸ್ತಕದಲ್ಲಿ ಈ ಪ್ರಕರಣ ಮೂರು ಕಡೆ ಬರುತ್ತದೆ. 2024ರ ಏಪ್ರಿಲ್‌ನಲ್ಲಿ ಒಂದು ಸಾಲು: ‘ಕೇಪಳ, 24 ಗಿಡ, ಎಲೆ ಹಳದಿ. ಬೂದಿ ಹಾಕಲು ಹೇಳಿದೆ.’ ಅದೇ ಜುಲೈನಲ್ಲಿ ಎರಡೇ ಪದ: ‘ಬೂದಿ ತಪ್ಪು.’ ಆಮೇಲೆ 2025ರ ಜೂನ್‌ನಲ್ಲಿ ಒಂದಿಡೀ ಪುಟ. ಮೂರೂ ನನ್ನ ಕೈಬರಹವೇ. ಮೊದಲ ಸಾಲಿಗೂ ಎರಡನೆಯದಕ್ಕೂ ನಡುವೆ ಏನಾಯಿತು ಎಂದು ಬಳಗದ ಹೊಸಬರು ಕೇಳುತ್ತಲೇ ಇರುವುದರಿಂದ ಇದ್ದದ್ದು ಇದ್ದ ಹಾಗೆ ಬರೆದಿಡುತ್ತಿದ್ದೇನೆ.

ಬಳಗ ಎಂದರೆ ದೊಡ್ಡದೇನಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಮುತ್ತಲ ಒಂದಷ್ಟು ಮನೆಗಳು. ಡೇರೆ ಹೂವಿನ (ಡೇಲಿಯಾ) ಹುಚ್ಚಿನವರು ನಮ್ಮೂರ ಕಡೆ ಮೊದಲಿಂದಲೂ ಬೇರೆಯೇ ಇದ್ದಾರೆ, ಗುಲಾಬಿಯವರದು ಇನ್ನೊಂದು ಗುಂಪು. ನಮ್ಮದು ಪೊದೆ ಜಾತಿಯ ಹೂಗಿಡಗಳು: ದಾಸವಾಳ, ಕೇಪಳ, ನಂದಿಬಟ್ಟಲು, ಗಂಧರಾಜ, ರಥಪುಷ್ಪ, ಈಚೆಗೆ ಹೈಡ್ರಾಂಜಿಯಾ. ವರ್ಷಕ್ಕೊಮ್ಮೆ ಆರಿದ್ರಾ ಮಳೆಯ ಮೊದಲ ಭಾನುವಾರ ಯಾರದಾದರೂ ಅಂಗಳದಲ್ಲಿ ಸೇರಿ ಕಡ್ಡಿ ಹಂಚಿಕೊಳ್ಳುತ್ತೇವೆ. ಕೆಸುವಿನ ಪತ್ರೊಡೆ ಇರುತ್ತದೆ. ಪತ್ರೊಡೆಗಾಗಿಯೇ ಬರುವವರೂ ಇದ್ದಾರೆ, ಅವರಿಗೂ ಒಂದು ಕಡ್ಡಿ ಹಿಡಿಸಿಯೇ ಕಳಿಸುತ್ತೇವೆ.

ಪ್ರಕರಣ ನಡೆದ ಮನೆ ಸಾಗರದಿಂದ ಸ್ವಲ್ಪ ಒಳಗಿನ ಒಂದು ಅಡಿಕೆ ತೋಟದ ಮನೆ. ಮನೆಯೊಡತಿಯನ್ನು ಬಳಗದವರೆಲ್ಲ ಅಕ್ಕ ಎನ್ನುತ್ತಾರೆ, ಇಲ್ಲಿಯೂ ಹಾಗೇ ಇರಲಿ. 2023ರ ಫೆಬ್ರವರಿಯಲ್ಲಿ ಅವರು ಅಂಗಳದ ಮುಂದಿನ ಹಳೆಯ ಮಣ್ಣಿನ ಗೋಡೆ ಕೆಡವಿ ಜಂಬಿಟ್ಟಿಗೆಯ ಕಾಂಪೌಂಡ್ ಕಟ್ಟಿಸಿದರು. ಅರವತ್ತು ಅಡಿ ಉದ್ದ, ಎರಡೂ ಕಡೆ ಸಿಮೆಂಟ್ ಗಾರೆ, ಮೇಲೆ ಬಿಳಿ ಬಣ್ಣ. ಗೋಡೆ ಚಂದ ಬಂತು, ಆದರೆ ಬೋಳು ಬೋಳು ಕಂಡಿತು. ಆ ವರ್ಷದ ಕಡ್ಡಿ ಹಂಚುವ ದಿನ ಅಕ್ಕ ನನ್ನಿಂದ ಕೆಂಪು ಕೇಪಳದ ಬೇರು ಬಿಟ್ಟ ಗಿಡಗಳನ್ನು ಕೇಳಿ ತೆಗೆದುಕೊಂಡು ಹೋದರು. ಎರಡೂವರೆ ಅಡಿಗೊಂದರಂತೆ 24 ಗಿಡ, ಗೋಡೆಯಿಂದ ಒಂದೇ ಅಡಿ ದೂರ. ಸಾಲಿನ ತುದಿಯಲ್ಲಿ, ಗೇಟಿನ ಪಕ್ಕ, ಒಂದು ಹೈಡ್ರಾಂಜಿಯಾ ಮತ್ತೊಂದು ಗಂಧರಾಜ. ಇನ್ನೊಂದು ತುದಿಯಲ್ಲಿ ಒಂದು ಕಣಗಿಲೆ, ಒಂದು ನಂದಿಬಟ್ಟಲು. ಈ ಕೊನೆಯ ಎರಡನ್ನು ನೆನಪಿಟ್ಟುಕೊಳ್ಳಿ, ಮುಂದೆ ಸಾಕ್ಷಿ ಹೇಳಲು ಬರುತ್ತವೆ.

ಕೇಪಳಕ್ಕೆ ಮಲೆನಾಡಿನಲ್ಲಿ ಯಾರೂ ಆರೈಕೆ ಮಾಡಿದ್ದಿಲ್ಲ. ಗುಡ್ಡದಲ್ಲಿ, ಬ್ಯಾಣದಲ್ಲಿ, ಜಂಬಿಟ್ಟಿಗೆ ಕಲ್ಲಿನ ಸಂದಿಯಲ್ಲಿ ತಾನಾಗಿ ಬೆಳೆಯುವ ಗಿಡ. ಶಾಲೆಗೆ ಹೋಗುವ ದಾರಿಯಲ್ಲಿ ಹೂವಿನ ನಾಳ ಕಿತ್ತು ಜೇನು ಚೀಪಿದ್ದು, ಕಪ್ಪಗೆ ಹಣ್ಣಾದ ಮೇಲೆ ತಿಂದು ನಾಲಿಗೆ ಬಣ್ಣ ಮಾಡಿಕೊಂಡಿದ್ದು ನಮ್ಮ ವಯಸ್ಸಿನವರಿಗೆಲ್ಲ ಗೊತ್ತು. ಇದರ ಸಸ್ಯಶಾಸ್ತ್ರದ ಹೆಸರು ಇಕ್ಸೋರಾ ಕಾಕ್ಸೀನಿಯಾ. ಇಕ್ಸೋರಾ ಎನ್ನುವುದು ಪೋರ್ಚುಗೀಸರ ಬಾಯಲ್ಲಿ ತಿರುಚಿಕೊಂಡ ‘ಈಶ್ವರ’ ಎನ್ನುತ್ತಾರೆ. ಇಂಥ ಗಿಡ ಸಾಕಿದ ಮನೆಯಲ್ಲಿ ಸೊರಗುತ್ತದೆ ಎಂದರೆ ಮೊದಲು ಯಾರಿಗೂ ನಂಬಿಕೆ ಬರಲಿಲ್ಲ.

2023ರ ಮಳೆಗಾಲ ಹೇಗಿತ್ತು ಎನ್ನುವುದು ಇಲ್ಲಿ ಮುಖ್ಯ. ಜೂನ್ ಒಣಗಿತು, ಜುಲೈ ಸ್ವಲ್ಪ ಮರ್ಯಾದೆ ಉಳಿಸಿತು, ಆಗಸ್ಟ್ ಕೈಕೊಟ್ಟಿತು. ದೇಶದ ಮಟ್ಟದಲ್ಲಿ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಸರ್ಕಾರ ಬರ ಘೋಷಿಸಿದ ಮೊದಲ ಪಟ್ಟಿಯಲ್ಲೇ 195 ತಾಲ್ಲೂಕುಗಳಿದ್ದವು. ಮಲೆನಾಡಿನವರು ಬರ ಎಂದರೆ ಬಯಲುಸೀಮೆಯ ಸುದ್ದಿ ಎಂದುಕೊಂಡು ಬೆಳೆದವರು. ಮುಂದಿನ ಬೇಸಗೆಯಲ್ಲಿ ಬಾವಿಗೆ ಬಿಟ್ಟ ಕೊಡ ಖಾಲಿಯಾಗಿ ಮೇಲೆ ಬಂದಾಗ ಮುಖ ಮುಖ ನೋಡಿಕೊಂಡೆವು. ಅಕ್ಕನ ಮನೆಯ ಬಾವಿ 2024ರ ಫೆಬ್ರವರಿ ಕೊನೆಗೆ ತಳ ಕಂಡಿತು. ಅಲ್ಲಿಂದ ಮುಂದೆ ಕುಡಿಯಲು, ಅಡುಗೆಗೆ, ಗಿಡಕ್ಕೆ, ಎಲ್ಲದಕ್ಕೂ ತೋಟದ ಬೋರ್‌ವೆಲ್ ನೀರು.

ಮಾರ್ಚ್‌ನಲ್ಲಿ ಕೇಪಳದ ಚಿಗುರು ಹಳದಿಯಾಗತೊಡಗಿತು. ಏಪ್ರಿಲ್ ಹೊತ್ತಿಗೆ ಸಾಲಿಗೆ ಸಾಲೇ ನಿಂಬೆಹಣ್ಣಿನ ಬಣ್ಣ.

ಅಕ್ಕ ನನಗೆ ಫೋಟೊ ಕಳಿಸಿದರು. ನಾನು ಫೋಟೊ ನೋಡಿಯೇ ತೀರ್ಪು ಕೊಟ್ಟೆ. ಇಲ್ಲಿ ನನ್ನ ಮೊದಲ ತಪ್ಪು. ಎರಡನೆಯದು ಅದಕ್ಕಿಂತ ದೊಡ್ಡದು: ಅವರು ಹಿಂದಿನ ವರ್ಷ ಮಣ್ಣು ಪರೀಕ್ಷೆ ಮಾಡಿಸಿದ್ದರು, ಆ ವರದಿಯನ್ನೂ ಓದಿ ಹೇಳಿದರು. ರಸಸಾರ (ಪಿಎಚ್; 7ಕ್ಕಿಂತ ಕೆಳಗಿಳಿದಷ್ಟೂ ಹುಳಿ, ಮೇಲೇರಿದಷ್ಟೂ ಕ್ಷಾರ) 5.3, ಹುಳಿ ಮಣ್ಣು, ಸುಣ್ಣ ಕೊಡುವುದು ಒಳ್ಳೆಯದು. ಮಲೆನಾಡಿನಲ್ಲಿ ಹತ್ತು ವರದಿ ತೆಗೆದು ನೋಡಿದರೆ ಬಹುತೇಕ ಎಲ್ಲದರಲ್ಲೂ ಇದೇ ಇರುತ್ತದೆ. ಮಳೆ ಹೆಚ್ಚು ಬೀಳುವ ಕಡೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ, ಕಬ್ಬಿಣವೂ ಅಲ್ಯೂಮಿನಿಯಮ್ಮೂ ಉಳಿಯುತ್ತವೆ. ನಮ್ಮ ಜಂಬಿಟ್ಟಿಗೆ ಮಣ್ಣಿನ ಕೆಂಪು ಆ ಕಬ್ಬಿಣದ ತುಕ್ಕಿನದೇ. ವರದಿಯಲ್ಲಿ ಸುಳ್ಳೇನೂ ಇರಲಿಲ್ಲ. ‘ಸುಣ್ಣ ಯಾಕೆ ದುಡ್ಡು ಕೊಟ್ಟು ತರ್ತೀರಿ, ಬಚ್ಚಲ ಒಲೆಯ ಬೂದಿ ಹಾಕಿ’ ಎಂದೆ. ಬೂದಿಯಲ್ಲಿ ಪೊಟ್ಯಾಶ್ ಇದೆ, ಹುಳಿಯೂ ಇಳಿಯುತ್ತದೆ, ಒಂದೇ ಕಲ್ಲಿಗೆ ಎರಡು ಹಕ್ಕಿ. ಅಕ್ಕ ಗಿಡಕ್ಕೆ ಒಂದು ಬೊಗಸೆಯಂತೆ ವಾರಕ್ಕೊಮ್ಮೆ ನಾಲ್ಕು ವಾರ ಹಾಕಿದರು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಜನರಿಗೆ ತಪ್ಪು ಸಲಹೆ ಕೊಡಬಾರದು.

ಮೇ ತಿಂಗಳಲ್ಲಿ ತುದಿಯ ಎಲೆಗಳು ಹಳದಿ ದಾಟಿ ಮಜ್ಜಿಗೆಯ ಬಿಳುಪಿಗೆ ಬಂದವು. ಅಂಚು ಸುಟ್ಟ ಹಾಗೆ ಕಂದು. ಬಳಗದ ಒಬ್ಬರು ಬೇರುಕೊಳೆ ಎಂದರು, ಒಬ್ಬರು ವೈರಸ್ ಎಂದರು, ಇನ್ನೊಬ್ಬರು ಬುಡಕ್ಕೆ ತುಕ್ಕು ಹಿಡಿದ ಮೊಳೆ ಹೂಳಿ ಎಂದರು. ಮೊಳೆಯವರು ರೋಗ ಸರಿಯಾಗಿ ಹಿಡಿದಿದ್ದರು, ಮದ್ದು ತಪ್ಪಿದ್ದರು. ಅದು ಗೊತ್ತಾಗಲು ಇನ್ನೂ ಎರಡು ತಿಂಗಳು ಬೇಕಾಯಿತು.

ಬಾಗಿಲು ತೆರೆದದ್ದು ಕೇಪಳವಲ್ಲ, ಸಾಲಿನ ತುದಿಯ ಹೈಡ್ರಾಂಜಿಯಾ. 2024ರ ಕಡ್ಡಿ ಹಂಚುವ ದಿನ ಅಕ್ಕ ಒಂದು ಹೂಗೊಂಚಲು ಕೊಯ್ದು ತಂದಿದ್ದರು, ಕೈಚೆಂಡಿನಷ್ಟು ದೊಡ್ಡದು, ಹದವಾದ ಗುಲಾಬಿ ಬಣ್ಣ. ಎಲ್ಲರೂ ಮುತ್ತಿಕೊಂಡರು. ನಮ್ಮೆಲ್ಲರ ಮನೆಯಲ್ಲೂ ಇರುವುದು ನೀಲಿ. ‘ನಂಗೊಂದು ಕಡ್ಡಿ, ನಂಗೊಂದು ಕಡ್ಡಿ’ ಎಂಬ ಗಲಾಟೆಯ ನಡುವೆ ಒಬ್ಬರು ಸ್ವಲ್ಪ ಮುನಿಸಿನಿಂದಲೇ ಕೇಳಿದರು: ‘ಇದು ಎಲ್ಲಿಂದ ತಂದಿದ್ದು? ಬಳಗಕ್ಕೆ ಹೇಳಲೇ ಇಲ್ವಲ್ಲ.’

‘ಎಂತ ಹೇಳೋದು ಮಾರಾಯ್ರೆ, ಹೋದ ವರ್ಷ ನೀವೇ ಕೊಟ್ಟ ಕಡ್ಡಿ’ ಎಂದರು ಅಕ್ಕ.

ಕಡ್ಡಿ ಕೊಟ್ಟವರ ಮನೆಯದು ಕಡು ನೀಲಿ. ಅದೇ ತಾಯಿಗಿಡದ ಕಡ್ಡಿ ಹೋದ ಉಳಿದ ಐದಾರು ಮನೆಗಳಲ್ಲೂ ನೀಲಿಯೇ. ಕಡ್ಡಿಯಿಂದ ಬೆಳೆದ ಗಿಡ ತಾಯಿಯ ಪಡಿಯಚ್ಚು, ಬೀಜದ ಗಿಡದ ಹಾಗೆ ಬಣ್ಣ ಬದಲಾಯಿಸುವುದಿಲ್ಲ. ಹಾಗಾದರೆ ಬದಲಾಗಿದ್ದು ಮಣ್ಣು.

ಹೈಡ್ರಾಂಜಿಯಾದ ಈ ಗುಣ ಬಹಳ ಹಿಂದಿನಿಂದ ತೋಟಗಾರರಿಗೆ ಗೊತ್ತಿರುವುದು. ಜಪಾನಿನ ಕಡೆಯ ಗಿಡ. ಅದರ ಹೂವಿನ ಬಣ್ಣದ ದ್ರವ್ಯ ಒಂದೇ, ಅದಕ್ಕೆ ಅಲ್ಯೂಮಿನಿಯಂ ಸೇರಿಕೊಂಡರೆ ನೀಲಿ, ಸೇರದಿದ್ದರೆ ಗುಲಾಬಿ. ಅಲ್ಯೂಮಿನಿಯಂ ಎಲ್ಲ ಮಣ್ಣಿನಲ್ಲೂ ಧಾರಾಳವಾಗಿದೆ. ಆದರೆ ಮಣ್ಣು ಹುಳಿಯಾಗಿದ್ದರೆ, ಸುಮಾರಾಗಿ ರಸಸಾರ 5.5ರ ಕೆಳಗಿದ್ದರೆ ಮಾತ್ರ ಕರಗಿ ಬೇರಿಗೆ ಸಿಗುತ್ತದೆ. 6.5 ದಾಟಿದರೆ ಬಾಗಿಲು ಮುಚ್ಚಿದಂತೆ. ಬಿಳಿ ಹೂವಿನ ಜಾತಿಗಳಿಗೆ ಮಾತ್ರ ಈ ಆಟ ಇಲ್ಲ. ಅಂದರೆ ಅಕ್ಕನ ಗೇಟಿನ ಪಕ್ಕದ ಮಣ್ಣು ಹುಳಿಯಲ್ಲ, ವರದಿ ಏನೇ ಹೇಳಲಿ. ಆ ಗೊಂಚಲನ್ನು ಕೈಯಲ್ಲಿ ಹಿಡಿದು ನಿಂತಾಗ ನನಗೆ ನೆನಪಾದದ್ದು ಬೂದಿ. ಪತ್ರೊಡೆ ಗಂಟಲಲ್ಲಿ ಇಳಿಯಲಿಲ್ಲ.

ಎರಡು ವಾರ ಬಿಟ್ಟು ಮೂವರು ಅಲ್ಲಿಗೆ ಹೋದೆವು. ಪುನರ್ವಸು ಮಳೆ ಜಡಿ ಹಿಡಿದಿತ್ತು, ಕೊಡೆ ಹಿಡಿದು ಸಾಲಿನುದ್ದಕ್ಕೂ ಬಗ್ಗಿ ನಡೆದೆವು. ಫೋಟೊದಲ್ಲಿ ಕಾಣದೇ ಇದ್ದದ್ದು ಕಣ್ಣಿಗೆ ಕಂಡಿತು. ಹಳದಿಯಾಗಿದ್ದು ಹೊಸ ಎಲೆಗಳು. ಬುಡದ ಹಳೆಯ ಎಲೆಗಳು ಹಸಿರಾಗಿಯೇ ಇದ್ದವು. ಹೊಸ ಎಲೆಯಲ್ಲೂ ನರಗಳು ಹಸಿರು, ನರಗಳ ನಡುವಿನ ಜಾಗ ಮಾತ್ರ ಹಳದಿ, ಹಸಿರು ದಾರದಲ್ಲಿ ನೇಯ್ದ ಬಲೆಯ ಹಾಗೆ. ಇದೊಂದನ್ನು ನೋಡಿದ್ದರೆ ಏಪ್ರಿಲ್‌ನಲ್ಲೇ ಗೊತ್ತಾಗಬೇಕಿತ್ತು. ಸಾರಜನಕ ಅಥವಾ ಮೆಗ್ನೀಷಿಯಂ ಕಡಿಮೆಯಾದಾಗ ಗಿಡ ಹಳೆಯ ಎಲೆಯಿಂದ ಅದನ್ನು ಕಿತ್ತು ಚಿಗುರಿಗೆ ಕೊಡುತ್ತದೆ, ಆದ್ದರಿಂದ ಬುಡದ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲು ಗಿಡಕ್ಕೆ ಬರುವುದಿಲ್ಲ. ಹಳೆಯ ಎಲೆಗೆ ಹೋದದ್ದು ಅಲ್ಲೇ. ಕಬ್ಬಿಣ ಸಿಗದಿದ್ದರೆ ಪತ್ರಹರಿತ್ತು ಕಟ್ಟಲಾಗದೆ ಸೊರಗುವುದು ಕೂಸೇ ಹೊರತು ಅಜ್ಜಿಯಲ್ಲ.

ಈಗ ಆ ಎರಡು ಸಾಕ್ಷಿಗಳು. ಕೇಪಳ ಹಳದಿ, ಗಂಧರಾಜ ಹಳದಿ, ಹೈಡ್ರಾಂಜಿಯಾದ ಎಲೆಯೂ ಮಾಸಲು. ಅದೇ ಗೋಡೆಯ ಬುಡದಲ್ಲಿ, ಅದೇ ನೀರು ಕುಡಿದ ಕಣಗಿಲೆ ಮಾತ್ರ ಕಡು ಹಸಿರಾಗಿ ಹೂಬಿಟ್ಟುಕೊಂಡು ನಿಂತಿತ್ತು. ನಂದಿಬಟ್ಟಲೂ ಸುಖವಾಗಿತ್ತು. ವೈರಸ್ಸಾಗಲಿ ಬೇರುಕೊಳೆಯಾಗಲಿ ಹೀಗೆ ಸುಣ್ಣ ಒಲ್ಲದವರನ್ನೇ ಆರಿಸಿ ಆರಿಸಿ ಹಿಡಿಯುವುದಿಲ್ಲ. ಕೇಪಳ, ಗಂಧರಾಜ, ಹೈಡ್ರಾಂಜಿಯಾ ಎಲ್ಲವೂ ಹುಳಿ ಮಣ್ಣಿನ ಮಕ್ಕಳು, ಚಹಾ ಗಿಡದ ಹಾಗೆ. ಕಣಗಿಲೆಗೆ ಎಂಥ ಮಣ್ಣಾದರೂ ಆದೀತು, ಹೆದ್ದಾರಿಯ ನಡುವಿನ ಕಲ್ಲುಮಣ್ಣಿನಲ್ಲೂ ನಗುತ್ತದೆ.

‘ಮಣ್ಣು ಪರೀಕ್ಷೆಗೆ ಎಲ್ಲಿಂದ ತೆಗೆದಿದ್ರಿ?’ ಎಂದು ಕೇಳಿದೆ. ಅಕ್ಕ ಅಂಗಳದಾಚೆಯ ಬಾಳೆ ಬುಡ ತೋರಿಸಿದರು. ಗೋಡೆಯಿಂದ ಮೂವತ್ತು ಹೆಜ್ಜೆ. ಅದೂ ಗೋಡೆ ಕಟ್ಟುವ ಮೊದಲು.

ನಮ್ಮಲ್ಲಿ ಒಬ್ಬರು ನಿವೃತ್ತ ವಿಜ್ಞಾನ ಶಿಕ್ಷಕರು. ಅವರು ಅಕ್ಕನ ಹಿತ್ತಲಿನಿಂದಲೇ ನಾಲ್ಕು ಕೆಂಪು ದಾಸವಾಳ ಕೊಯ್ದು ಬಿಸಿನೀರಿನಲ್ಲಿ ಕಿವುಚಿ, ಸೋಸಿ, ಲೋಟಗಳಿಗೆ ಹಾಕಿದರು. ಶಾಲೆಯಲ್ಲಿ ಎಲ್ಲರೂ ಮಾಡಿದ ಪ್ರಯೋಗವೇ: ಹುಳಿಗೆ ಕಡು ಗುಲಾಬಿ, ಕ್ಷಾರಕ್ಕೆ ಹಸಿರು. ಒಂದಕ್ಕೆ ನಿಂಬೆರಸ, ಕೂಡಲೇ ಗುಲಾಬಿ. ಒಂದಕ್ಕೆ ಬಾವಿ ನೀರು, ಹೆಚ್ಚೇನೂ ಆಗಲಿಲ್ಲ. ಇನ್ನೊಂದಕ್ಕೆ ಕೇಪಳದ ಬುಡದಲ್ಲಿ ಬೆರಳು ತೂರಿಸಿದಾಗ ಸಿಕ್ಕ ಒಂದು ಬಿಳಿ ಹೆಂಟೆ ಪುಡಿ ಮಾಡಿ ಕದಡಿದ ನೀರು. ಲೋಟ ಪಾಚಿ ಬಣ್ಣಕ್ಕೆ ತಿರುಗಿತು. ಆ ಹೆಂಟೆಯ ಮೇಲೆ ವಿನೆಗರ್ ಹನಿಸಿದರೆ ಸೋಡಾ ಹಾಕಿದಂತೆ ನೊರೆ. ಗಾರೆ! ಕೈಯಿಂದಲೇ ಮಣ್ಣು ಕೆರೆದರೆ ಎಲ್ಲ ಕಡೆ ಅದೇ. ಗೋಡೆ ಮೆತ್ತುವಾಗ ಕೆಳಗೆ ಬಿದ್ದ ಗಾರೆ, ಸಿಮೆಂಟ್ ಕಲಸಿದ ಜಾಗದ ಹೆಪ್ಪು, ಬಣ್ಣಕ್ಕೆ ಮುನ್ನ ಉಜ್ಜಿ ಬೀಳಿಸಿದ ಪುಡಿ, ಎಲ್ಲದರ ಮೇಲೂ ನಾಲ್ಕು ಬೆರಳು ಕೆಂಪು ಮಣ್ಣು ಎಳೆದು ಸಪಾಟು ಮಾಡಿದ್ದರು. ಮೇಲಿನಿಂದ ನೋಡಿದರೆ ಅಪ್ಪಟ ಮಲೆನಾಡಿನ ಮಣ್ಣು. ಕೆಲಸದವರನ್ನು ಬೈದು ಫಲವಿಲ್ಲ, ಎಲ್ಲ ಗೋಡೆಯ ಬುಡದಲ್ಲೂ ಹೀಗೇ ಇರುತ್ತದೆ. ನೆಡುವ ಮೊದಲು ಅಗೆದು ನೋಡಬೇಕಾದವರು ನಾವು.

ನಂತರ ಲಿಟ್ಮಸ್ಸಿಗಿಂತ ಸೂಕ್ಷ್ಮವಾದ ಬಣ್ಣದ ಕಾಗದ ತಂದು ಮೂರು ಕಡೆ ನೋಡಿದೆವು. ಗೋಡೆಯ ಬುಡದಲ್ಲಿ 8ರ ಆಸುಪಾಸು, ಎರಡಡಿ ಈಚೆ 7, ಅಂಗಳದ ಮಧ್ಯೆ 5.5. ಹತ್ತು ಹೆಜ್ಜೆಯೊಳಗೆ ಎರಡು ಊರು. ರಸಸಾರ ಒಂದು ಅಂಕ ಏರಿದರೆ ಮಣ್ಣಿನ ನೀರಿನಲ್ಲಿ ಕರಗುವ ಕಬ್ಬಿಣ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ ಎಂದು ರಸಾಯನಶಾಸ್ತ್ರದ ಲೆಕ್ಕ. ತುಕ್ಕಿನ ಬಣ್ಣದ ಮಣ್ಣಿನಲ್ಲಿ ಕೊರಳವರೆಗೆ ಮುಳುಗಿ ನಿಂತ ಗಿಡಕ್ಕೆ ಕಬ್ಬಿಣದ ಹಸಿವು. ಮೊಳೆ ಹೂಳಿದರೆ ಏನೂ ಆಗದಿರುವುದೂ ಇದಕ್ಕೇ: ಕೊರತೆ ಇದ್ದದ್ದು ಕಬ್ಬಿಣದ್ದಲ್ಲ, ಅದು ಕರಗುವ ಹುಳಿಯದ್ದು.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಗಾರೆ 2023ರಿಂದಲೂ ಇತ್ತು. ಗಿಡ ಹಳದಿಯಾಗಿದ್ದು 2024ರ ಮಾರ್ಚ್‌ನಲ್ಲಿ. ಯಾಕೆ ಅಲ್ಲಿಯವರೆಗೆ ಸುಮ್ಮನಿತ್ತು? ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ, ಕಾಫಿ ಕುಡಿಯುವಾಗ. ಬೇಸಗೆಯ ಕಷ್ಟ ಹೇಳಿಕೊಳ್ಳುತ್ತಾ ಅಕ್ಕ ಅಂದರು, ‘ಬೋರ್ ನೀರಲ್ಲಿ ಬೇಳೆ ಬೇಯೋದೇ ಇಲ್ಲ, ಕುಕ್ಕರ್ ಎಂಟು ಸಲ ಕೂಗಿದ್ರೂ ಕಾಳು ಕಾಳೇ.’ ಬೇಳೆ ಬೇಯದ ನೀರು ಎಂದರೆ ಗಡಸು ನೀರು. ಅದರ ಕ್ಯಾಲ್ಸಿಯಂ ಬೇಳೆಯ ಕಣಗಳನ್ನು ಅಂಟಿಸಿ ಹಿಡಿದುಬಿಡುತ್ತದೆ. ಹಂಡೆಯ ಒಳಗೆ ನೋಡಿದೆವು, ನಾಲ್ಕು ತಿಂಗಳಲ್ಲಿ ಬಿಳಿ ಹಕ್ಕಳೆ ಕಟ್ಟಿತ್ತು. ಅದೇ ಹಕ್ಕಳೆ ಗಿಡದ ಬುಡದಲ್ಲೂ ದಿನಾ ಕಟ್ಟುತ್ತಾ ಹೋಗಿದೆ. ಮೊದಲ ಮಳೆಗಾಲದಲ್ಲಿ ಗಿಡ ಚಿಕ್ಕದು, ಬೇರು ಕುಂಡದಿಂದ ಬಂದ ಮಣ್ಣುಂಡೆಯೊಳಗೇ ಇತ್ತು, ಮೇಲೆ ಸಿಹಿ ಮಳೆನೀರು, ಬಾವಿ ನೀರು. ಬೇಸಗೆಗೆ ಬೇರು ಗಾರೆಗೆ ತಾಗಿತು, ಆಗಲೇ ಬೋರ್ ನೀರು ಶುರುವಾಯಿತು, ಅದರ ಮೇಲೆ ನನ್ನ ಬೂದಿ. ಬೂದಿಯೂ ಸುಣ್ಣದ ತಮ್ಮನೇ. ಮೂರೂ ಸೇರಿ ಒಂದೇ ಕಡೆಗೆ ನೂಕಿದವು.

ಇಷ್ಟಾದರೂ ಶಿಕ್ಷಕರಿಗೆ ಸಮಾಧಾನವಿಲ್ಲ. ‘ಊಹೆ ಚಂದ ಇದೆ, ಎಲೆಯನ್ನೇ ಕೇಳೋಣ’ ಎಂದರು. ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಲೀಟರ್ ನೀರಿಗೆ ಐದು ಗ್ರಾಂ, ಅದಕ್ಕೆ ಅರ್ಧ ನಿಂಬೆಹಣ್ಣಿನ ರಸ. ನಿಂಬೆ ಇಲ್ಲದಿದ್ದರೆ ನೀರು ಸ್ವಲ್ಪ ಹೊತ್ತಿಗೇ ಕಂದಾಗಿ ತುಕ್ಕು ಇಳಿಯುತ್ತದೆ. ಇಲ್ಲಿ ಒಂದು ಅನಾಹುತ ಕೂದಲೆಳೆಯಲ್ಲಿ ತಪ್ಪಿತು. ‘ನಮ್ಮಲ್ಲೇ ಇದೆ’ ಎಂದು ಅಟ್ಟದಿಂದ ಇಳಿಸಿದ ಡಬ್ಬಿಯಲ್ಲಿದ್ದದ್ದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅಡಿಕೆ ಮನೆಯಲ್ಲಿ ಅದಿಲ್ಲದೆ ಇರುತ್ತದೆಯೇ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ಬೇಕಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಸುಣ್ಣವಿಲ್ಲದೆ ಬರೀ ಮೈಲುತುತ್ತ ಎಲೆಗೆ ಬಿದ್ದರೆ ಸುಟ್ಟು ಹೋಗುತ್ತದೆ. ಮಳೆಗಾಲದ ಮಬ್ಬು ಬೆಳಕಿನಲ್ಲಿ ಹರಳು ಹರಳೇ. ಕಿಟಕಿಗೆ ತಂದು ನೋಡಿದಾಗ ಕಡು ನೀಲಿ. ಅನ್ನಭೇದಿ ತಿಳಿ ಹಸಿರು, ಹಳತಾದರೆ ಮೇಲೆ ಹಳದಿ-ಕಂದು ಪುಡಿ ಕೂರುತ್ತದೆ, ಅದು ಆಗ ಕೆಲಸಕ್ಕೂ ಬಾರದು. ಹೊಸದು ತರಿಸಿದೆವು.

ಹುಬ್ಬ ಮಳೆ ಸ್ವಲ್ಪ ಹೊಳವು ಕೊಟ್ಟ ಒಂದು ಸಂಜೆ, ಹತ್ತು ಎಲೆಗಳ ಬಲಭಾಗಕ್ಕೆ ಮಾತ್ರ ಸಣ್ಣ ಕುಂಚದಿಂದ ಈ ನೀರು ಸವರಿ, ತೊಟ್ಟಿಗೆ ದಾರ ಕಟ್ಟಿ ಬಂದೆವು. ಹನ್ನೊಂದನೆಯ ದಿನ ಅಕ್ಕ ಫೋನ್ ಮಾಡಿ ‘ಬಂದು ನೋಡಿ’ ಎಂದರು, ಫೋಟೊ ಕಳಿಸಲಿಲ್ಲ. ನನ್ನ ಮೇಲಿನ ಕೋಪ ಇನ್ನೂ ಇತ್ತು. ಹೋಗಿ ನೋಡಿದೆವು. ಎರಡು ಎಲೆ ಉದುರಿದ್ದವು. ಉಳಿದ ಎಂಟರಲ್ಲೂ ನಡುನರದ ಬಲಕ್ಕೆ ಹಸಿರು, ಎಡಕ್ಕೆ ಅದೇ ಹಳದಿ. ಒಂದು ಎಲೆಯಲ್ಲಿ ಕುಂಚದಿಂದ ತೊಟ್ಟಿಕ್ಕಿದ ಹನಿ ಎಡಗಡೆ ಬಿದ್ದಿತ್ತು. ಹಳದಿಯ ನಡುವೆ ಹೆಸರುಕಾಳಿನಷ್ಟು ಒಂದು ಹಸಿರು ಚುಕ್ಕಿ. ನಾನು ಆ ಎಲೆಯನ್ನು ಕೇಳಿ ತಂದು ದಾಖಲೆ ಪುಸ್ತಕದಲ್ಲಿ ಒಣಗಿಸಿ ಅಂಟಿಸಿದ್ದೇನೆ. ಈಗ ಎರಡೂ ಕಡೆ ಕಂದು.

ಮದ್ದಿನ ವಿಷಯದಲ್ಲಿ ಚರ್ಚೆ ನಡೆಯಿತು. ಗಂಧಕದ ಪುಡಿ ಹಾಕಿದರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಗಂಧಕಾಮ್ಲವಾಗಿಸಿ ಹುಳಿ ತರುತ್ತವೆ, ನಿಜ. ಆದರೆ ಲೆಕ್ಕ ಹಾಕಿದರೆ ಒಂದು ಕಿಲೊ ಗಂಧಕ ಮೂರು ಕಿಲೊ ಸುಣ್ಣಕಲ್ಲನ್ನು ಮಾತ್ರ ತಿಂದು ಮುಗಿಸೀತು. ಗಾರೆ ಬುಟ್ಟಿಗಟ್ಟಲೆ ಇರುವಾಗ ಮೂಟೆಗಟ್ಟಲೆ ಗಂಧಕ ಬೇಕು, ತಿಂಗಳುಗಟ್ಟಲೆ ಕಾಯಬೇಕು. ಅನ್ನಭೇದಿಯನ್ನು ಬುಡಕ್ಕೇ ಸುರಿದರೆ ಎರಡು ದಿನದಲ್ಲಿ ತುಕ್ಕಾಗಿ ಕೂರುತ್ತದೆ. ಕೀಲೇಟ್ ಮಾಡಿದ, ಅಂದರೆ ತುಕ್ಕಾಗದಂತೆ ಬೇರೊಂದು ದ್ರವ್ಯ ಹಿಡಿದಿಟ್ಟ ಕಬ್ಬಿಣ ಸಿಗುತ್ತದೆ; ಅಂಗಡಿಯಲ್ಲಿ ಸುಲಭವಾಗಿ ಸಿಗುವ ಇಡಿಟಿಎ ಬಗೆ 6.5ರ ಮೇಲೆ ಕೈಬಿಡುತ್ತದೆ, ಕ್ಷಾರದಲ್ಲೂ ನಿಲ್ಲುವ ಇಡಿಡಿಎಚ್‌ಎ ಬಗೆ ದುಬಾರಿ. ಎಲೆಗೆ ಸಿಂಪಡಿಸುವುದು ಹಸಿದವನಿಗೆ ಒಂದು ಹೊತ್ತಿನ ಊಟ ಹಾಕಿದಂತೆ. ಮುಂದಿನ ಚಿಗುರು ಮತ್ತೆ ಹಳದಿಯೇ. ನನ್ನ ಅಭಿಪ್ರಾಯ ಆಗಲೂ ಈಗಲೂ ಒಂದೇ: ಕಸ ಇದ್ದ ಕಡೆ ಮೊದಲು ಕಸ ತೆಗೆಯಬೇಕು.

ಭೂಮಿ ಹುಣ್ಣಿಮೆ ಕಳೆದು ನೆಲ ಸ್ವಲ್ಪ ಆರಿದ ಮೇಲೆ, ನವೆಂಬರ್‌ನಲ್ಲಿ ಅಗೆದೆವು. ಗಿಡಗಳನ್ನು ಮೂರನೇ ಒಂದು ಭಾಗ ಸವರಿ, ಬೇರಿನ ಮುದ್ದೆ ಸಮೇತ ಎತ್ತಿ ಅಡಿಕೆ ಹಾಳೆಯ ಮೇಲಿಟ್ಟು ನೆರಳಿಗೆ ಸರಿಸಿದೆವು. ಗೋಡೆಯುದ್ದಕ್ಕೂ ಎರಡು ಅಡಿ ಅಗಲ, ಒಂದೂವರೆ ಅಡಿ ಆಳ. ಗಾರೆ, ಸಿಮೆಂಟ್ ಚೀಲದ ಚೂರು, ಒಂದು ಕರಣೆ, ಯಾರದೋ ಚಪ್ಪಲಿ. ಕರಣೆ ಕಂಡಾಗ ಅಕ್ಕ ಮೊದಲ ಸಲ ನಕ್ಕರು, ಕಳೆದ ವರ್ಷ ಅದಕ್ಕಾಗಿ ದೊಡ್ಡ ರಗಳೆ ಆಗಿತ್ತಂತೆ. ತೆಗೆದ ಮಣ್ಣನ್ನು ಕಣಗಿಲೆಯ ಕಡೆಗೆ ಹಾಕಿ, ಹಳ್ಳವನ್ನು ತೋಟದ ಮೇಲಿನ ಧರೆಯ ಮಣ್ಣು ಮತ್ತು ಕೊಳೆತ ದರಕಿನಿಂದ (ಉದುರಿದ ಒಣ ಎಲೆ) ತುಂಬಿದೆವು. ಗಿಡಗಳನ್ನು ಗೋಡೆಯಿಂದ ಒಂದಡಿಯ ಬದಲು ಎರಡೂವರೆ ಅಡಿ ಈಚೆಗೆ ನೆಟ್ಟೆವು. ಮೇಲೆ ಒಂದು ಗೇಣು ದರಕು. ಕೊಟ್ಟಿಗೆ ಗೊಬ್ಬರ ಸ್ವಲ್ಪ ಮಾತ್ರ. ರಂಜಕ ಹೆಚ್ಚಾದರೂ ಕಬ್ಬಿಣ ಸಿಕ್ಕಿಹಾಕಿಕೊಳ್ಳುವುದರಿಂದ ಮೂಳೆಗೊಬ್ಬರ ಬೇಡವೆಂದೆವು. ಬೇರು ಹಿಡಿಯುವವರೆಗೆ ಹದಿನೈದು ದಿನಕ್ಕೊಮ್ಮೆ ಮೂರು ಸಲ ಅನ್ನಭೇದಿ ಸಿಂಪಡಣೆ, ಸಂಜೆ ಹೊತ್ತು. ಬಿಳಿ ಗೋಡೆಗೆ ಹನಿ ಹಾರಿ ಕಂದು ಚುಕ್ಕೆ ಕೂತವು. ಅದನ್ನು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಗೋಡೆಗೆ ಗೋಣಿ ಹೊದೆಸಿ ಸಿಂಪಡಿಸಬೇಕು.

ನೀರಿನದು ಪೂರ್ತಿ ಬಗೆಹರಿದಿಲ್ಲ. ಮಾಡಿನ ನೀರಿಗೆ ಒಂದು ಸಾವಿರ ಲೀಟರಿನ ಟ್ಯಾಂಕ್ ಇಟ್ಟರು. ನೂರು ಚದರ ಮೀಟರ್ ಮಾಡಿಗೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಅದು ತುಂಬುತ್ತದೆ, ಪುಷ್ಯ ಮಳೆಯ ಒಂದು ಜೋರು ಸುರಿತ ಸಾಕು. ತುಂಬಿಸುವುದು ಕಷ್ಟವಲ್ಲ, ಉಳಿಸುವುದು. 24 ಗಿಡಕ್ಕೆ ಐದೈದು ಲೀಟರ್, ವಾರಕ್ಕೆ ಎರಡು ಸಲ ಎಂದರೂ ಒಂದು ತಿಂಗಳಿಗೆ ಖಾಲಿ. 2024ರ ಮಳೆ ಜೋರಾಗಿ ಸುರಿದದ್ದರಿಂದ 2025ರ ಬೇಸಗೆಯಲ್ಲಿ ಬಾವಿ ಕೈಬಿಡಲಿಲ್ಲ, ಅದು ನಮ್ಮ ಅದೃಷ್ಟ. ಬಾವಿ ಬತ್ತಿದ ವರ್ಷ ಟ್ಯಾಂಕಿನ ನೀರನ್ನು ಕೇಪಳಕ್ಕೇ ಮೀಸಲಿಟ್ಟು, ಬೋರ್ ನೀರು ಕಣಗಿಲೆಗೂ ನಂದಿಬಟ್ಟಲಿಗೂ ಎಂದು ಅಕ್ಕ ಈಗಲೇ ಪಂಕ್ತಿಭೇದ ಮಾಡಿಟ್ಟಿದ್ದಾರೆ.

ಸ್ಥಳಾಂತರದಲ್ಲಿ ಮೂರು ಗಿಡ ಸತ್ತವು. ಗೇಟಿನ ಕಂಬದ ಪಕ್ಕದ ಎರಡು ಇನ್ನೂ ಹಳದಿ. ಅಲ್ಲಿ ಕೆಳಗೆ ಕಂಬದ ಕಾಂಕ್ರೀಟ್ ಪಾದ ಹರಡಿಕೊಂಡಿದೆ, ಅಗೆಯಲಾಗದು. ಆ ಎರಡನ್ನು ಈ ಮಳೆಗಾಲದಲ್ಲಿ ಕಿತ್ತು ಬೇರೆ ಕಡೆ ನೆಡುವುದೆಂದು ತೀರ್ಮಾನ. ಉಳಿದ ಹತ್ತೊಂಬತ್ತು ಮಾರ್ಚ್‌ನಲ್ಲಿ ಚಿಗುರಿದವು. ಕೇಪಳದ ಆರೋಗ್ಯವಂತ ಚಿಗುರು ಮೊದಲು ತಾಮ್ರದ ಬಣ್ಣ, ಆಮೇಲೆ ಹಸಿರು. ಆ ತಾಮ್ರದ ಬಣ್ಣ ನೋಡಿ ಅಕ್ಕ ಮತ್ತೆ ಗಾಬರಿಯಾಗಿ ಫೋನ್ ಮಾಡಿದ್ದೂ ಆಯಿತು. ಈ ಸಲ ನಾನು ಫೋನಿನಲ್ಲಿ ಏನೂ ಹೇಳದೆ ಬೈಕ್ ಹತ್ತಿದೆ. ಏಪ್ರಿಲ್ ಕೊನೆಗೆ ಸಾಲು ಹೂಬಿಟ್ಟಿತು. ಮೇ ತಿಂಗಳಲ್ಲಿ ಬುಡದ ಮಣ್ಣಿನ ರಸಸಾರ 6ರ ಹತ್ತಿರ ತೋರಿಸಿತು.

ಬಳಗದ ಈ ಋತುವಿನ ಸುದ್ದಿಗೂ ಇದು ಸೇರುತ್ತದೆ. ಹೋದ ವರ್ಷ ಗಲಾಟೆ ಮಾಡಿ ಗುಲಾಬಿ ಹೈಡ್ರಾಂಜಿಯಾದ ಕಡ್ಡಿ ಒಯ್ದವರ ಮನೆಗಳಲ್ಲಿ ಈ ಜೂನ್‌ನಲ್ಲಿ ಹೂ ಬಂತು. ಎಲ್ಲರದೂ ನೀಲಿ. ‘ಕಡ್ಡಿ ಬದಲಾಗಿದೆ’ ಎಂದು ಒಬ್ಬರು ಇನ್ನೂ ವಾದಿಸುತ್ತಿದ್ದಾರೆ. ದೀಪಾವಳಿ ನಂತರ ಗಿಡ ಚಂದ ಕಾಣಲೆಂದು ಬೋಳಿಸಿದ ಒಬ್ಬರಿಗೆ ಹೂವೇ ಬರಲಿಲ್ಲ. ಹಳೆಯ ಕಡ್ಡಿಯ ತುದಿಯಲ್ಲೇ ಮುಂದಿನ ವರ್ಷದ ಮೊಗ್ಗು ಕೂತಿರುತ್ತದೆ, ಹೂ ಬಾಡಿದ ಕೂಡಲೇ ಸವರಬೇಕು, ತಡವಾದರೆ ಕತ್ತರಿ ಮುಟ್ಟಬಾರದು ಎಂದು ಎಷ್ಟು ಸಲ ಹೇಳುವುದು.

ಅಕ್ಕನ ಹೈಡ್ರಾಂಜಿಯಾವೂ ಹೊಸ ಮಣ್ಣಿಗೆ ಬಂದ ಮೇಲೆ ಈ ವರ್ಷ ನಡುವೆ ನಿಂತಿದೆ: ಒಂದೇ ಗೊಂಚಲಿನಲ್ಲಿ ಅಂಚಿಗೆ ನೇರಳೆ, ನಡುವೆ ಗುಲಾಬಿ. ಅವರಿಗೆ ಅದು ಸೇರಲಿಲ್ಲ. ನಾವು ಅಗೆದು ತೆಗೆದ ಗಾರೆಯಲ್ಲಿ ಅರ್ಧ ಬುಟ್ಟಿಯಷ್ಟನ್ನು ಅವರು ಯಾರಿಗೂ ಹೇಳದೆ ಎತ್ತಿಟ್ಟಿದ್ದರಂತೆ. ಮೊನ್ನೆ ಹೋದಾಗ ಜಗಲಿಯ ಮೇಲೆ ಒಂದು ದೊಡ್ಡ ಕುಂಡ, ಅದರಲ್ಲಿ ಹೊಸದಾಗಿ ಊರಿದ ಹೈಡ್ರಾಂಜಿಯಾ ಕಡ್ಡಿ, ಬುಡದ ಸುತ್ತ ಬಿಳಿ ಹೆಂಟೆಗಳು, ಪಕ್ಕದಲ್ಲಿ ಬೋರ್ ನೀರಿನ ತಂಬಿಗೆ.

‘ಇದಕ್ಕೆ ಬೂದಿ ಎಷ್ಟು ಹಾಕ್ಲಿ?’ ಎಂದು ಕೇಳಿದರು.